ಕೊನೆಯ ಹಾಡಿಗೆ ನೇರ ದಾರಿ

ಸೇವಂತಿಯಮ್ಮನ ಸ್ವರ ಒಡೆದದ್ದು ಅವರ ಗಂಟಲಿನಲ್ಲಲ್ಲ, ರೆಕಾರ್ಡು ಪ್ಲೇಯರಿನ ಮುಳ್ಳಿನಲ್ಲಿ ಎಂದು ಜ್ಯೋತ್ಸ್ನಾ ಹೇಳಿದಾಗ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. ನಂಬದಿದ್ದರೆ ಬಿಡಿ ಎಂದು ಕೈಕಟ್ಟಿ ಕೂರುವ ಪೈಕಿಯಲ್ಲ ಅವಳು. ಚೆಂಬೂರಿನ ಕಾರ್ಖಾನೆಯೊಂದರಲ್ಲಿ ಒತ್ತಡ ತೋರಿಸುವ ಗೇಜುಗಳು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸುವುದೇ ಅವಳ ಉದ್ಯೋಗ. ಸುಳ್ಳು ಗೇಜುಗಳ ನಾಟಕವನ್ನು ಬೇಕಾದಷ್ಟು ಕಂಡವಳು. ಗೇಜು ಕೆಟ್ಟಾಗ ಉಗಿಯನ್ನು ಬೈಯುವ ಮಹಾಶಯರನ್ನೂ ಕಂಡವಳು.

ಸೇವಂತಿಯಮ್ಮ ಅವಳ ಅತ್ತೆ. ಸಯನ್‌ನ ಕನ್ನಡ ಭಜನಾ ಮಂಡಳಿಯಲ್ಲಿ ಒಂದು ಕಾಲಕ್ಕೆ ಅವರ ಸ್ವರವೆಂದರೆ ಸ್ವರ. ನಲವತ್ತು ವರ್ಷಗಳ ಹಿಂದೆ ಮಂಡಳಿಯವರು ಎಲ್ಲ ಸೇರಿ ಒಂದು ಲಾಂಗ್‌ಪ್ಲೇ ರೆಕಾರ್ಡು ಮಾಡಿಸಿದರು. ಅದರ ಎರಡನೇ ಮಗ್ಗುಲಿನ ಕೊನೆಯ ಹಾಡನ್ನು ಸೇವಂತಿಯಮ್ಮ ಒಬ್ಬರೇ ಹಾಡಿದ್ದರು. ರೆಕಾರ್ಡು ಬಂತು, ಮನೆಮನೆಯಲ್ಲಿ ತಿರುಗಿತು. ಎಲ್ಲ ಮನೆಯಲ್ಲೂ ಅದೇ ಕತೆ. ಉಳಿದ ಹಾಡುಗಳೆಲ್ಲ ಚೆಂದ, ಕೊನೆಯದರಲ್ಲಿ ಮಾತ್ರ ಸ್ವರ ಮೇಲೇರಿದ ಕಡೆಯೆಲ್ಲ ಪರ್ರೆಂದು ಹರಿಯುತ್ತಿತ್ತು. ಸೇವಂತಿಯಮ್ಮನ ಅಣ್ಣ ಮೋನಪ್ಪ ಆಗಲೇ ಮಂಡಳಿಯ ಅಧ್ಯಕ್ಷರು, ಎರಡು ಹೋಟೆಲುಗಳ ಧಣಿ. ಅವರು ತಂಗಿಯನ್ನು ಗದರಲಿಲ್ಲ. "ಮೇಲೆ ಹೋದರೆ ನಿನ್ನ ಸ್ವರ ಒಡೀತದೆ ಸೇವಂತಿ. ಇನ್ನು ಹಿಂದೆ ಕೂತು ಎಲ್ಲರ ಒಟ್ಟಿಗೆ ಹೇಳು, ಆಯ್ತಾ?" ಎಂದು ಮೃದುವಾಗಿಯೇ ಹೇಳಿದರು. ಗದರಿದ್ದರೆ ಆಕೆ ಜಗಳವಾದರೂ ಆಡುತ್ತಿದ್ದರು. ಪ್ರೀತಿಯಿಂದ ಆಡಿದ ಮಾತಿಗೆ ಎದುರುತ್ತರ ಹೇಗೆ ಕೊಡುವುದು? ಅಂದಿನಿಂದ ಅವರು ಹಿಂದಿನ ಸಾಲಿಗೆ ಹೋದರು. ಜ್ಯೋತ್ಸ್ನಾ ಸೊಸೆಯಾಗಿ ಬಂದ ಮೇಲೆ ಅತ್ತೆ ಒಬ್ಬರೇ ಹಾಡಿದ್ದನ್ನು ಅಡುಗೆಮನೆಯಲ್ಲೂ ಕೇಳಿರಲಿಲ್ಲ.

ಈ ವರ್ಷ ಮಂಡಳಿಗೆ ಅಮೃತ ಮಹೋತ್ಸವ. ಹಳೆಯ ರೆಕಾರ್ಡಿನ ಹಾಡುಗಳನ್ನು ಪೆನ್ ಡ್ರೈವಿಗೆ ಇಳಿಸಿ ಎಲ್ಲರ ಮನೆಗೂ ಹಂಚುವುದೆಂದು ತೀರ್ಮಾನವಾಯಿತು. ಮಿಶಿನ್ ಕೆಲಸವೆಂದರೆ ಜ್ಯೋತ್ಸ್ನಾ ತಾನೇ? ಅವಳ ತಲೆಗೆ ಬಂತು. ಅದನ್ನು ಹೇಳಲೆಂದೇ ಮನೆಗೆ ಬಂದ ಮೋನಪ್ಪ ಚಹಾ ಕುಡಿಯುತ್ತ, "ಕೊನೆಯ ಹಾಡೊಂದು ಬಿಟ್ಟುಬಿಡುವ. ಸೇವಂತಿಗೆ ಈ ಪ್ರಾಯದಲ್ಲಿ ಇನ್ನೊಮ್ಮೆ ಯಾಕೆ ಮುಜುಗರ?" ಎಂದರು.

"ಹೌದು ಅಣ್ಣ, ಬಿಡುವುದೇ ಒಳ್ಳೇದು" ಎಂದು ಸೇವಂತಿಯಮ್ಮ ಒಳಗೆ ಹೋಗಿ ತೆಂಗಿನಕಾಯಿ ತುರಿಯತೊಡಗಿದರು. ಅಂದಿನ ಅಡುಗೆಗೆ ಕಾಯಿ ಬೇಕೇ ಇರಲಿಲ್ಲ. ಆ ತುರಿಯುವ ಸದ್ದು ಕೇಳಿ ಜ್ಯೋತ್ಸ್ನಾಳಿಗೆ ಸಿಟ್ಟು ಬಂತು.

ಮರುದಿನದಿಂದ ಅವಳು ಮನೆಯಲ್ಲಿದ್ದ ರೆಕಾರ್ಡುಗಳನ್ನೆಲ್ಲ ಹಾಕಿ, ಪ್ರತಿಯೊಂದರ ಕೊನೆಯ ಹಾಡನ್ನೇ ಕೇಳುತ್ತ ಕೂತಳು. ಯಾರೇ ಹಾಡಿರಲಿ, ಮುಳ್ಳು ನಡುವಿನ ಲೇಬಲ್ಲಿಗೆ ಹತ್ತಿರವಾದಂತೆ ಸ್ವರ ಸ್ವಲ್ಪಸ್ವಲ್ಪವಾಗಿ ಒರಟಾಗುತ್ತಿತ್ತು. ಲೋಕದಲ್ಲಿರುವ ಗಂಟಲುಗಳೆಲ್ಲ ಕೊನೆಯ ಹಾಡಿಗೇ ಕೆಡಬೇಕೆಂದು ಎಲ್ಲಿಯ ನಿಯಮ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು, ಅಷ್ಟೆ. ಅವಳು ಸೀದಾ ಮೋನಪ್ಪನವರ ಹೋಟೆಲಿಗೇ ಹೋದಳು.

"ರೆಕಾರ್ಡು ಕೊರೆಯುವಾಗ ಕೊರೆಯುವ ಮುಳ್ಳು ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಹೋಗ್ತದೆ ಮಾವ. ನಮ್ಮ ಪ್ಲೇಯರಿನ ಕೈ ಹಾಗಲ್ಲ. ಗೂಟಕ್ಕೆ ಕಟ್ಟಿದ ದನದ ಹಾಗೆ ಸುತ್ತು ಹಾಕ್ತದೆ. ಹಾಡು ಕೊರೆದ ಗೆರೆಯಲ್ಲಿ ಮುಳ್ಳು ಓರೆ ಕೂರ್ತದೆ. ಹೊರಗಿನ ಗೆರೆ ದೊಡ್ಡದು, ಓರೆ ಗೊತ್ತಾಗುವುದಿಲ್ಲ. ಒಳಗೆ ಇಕ್ಕಟ್ಟು. ಅಂಥ ಇಕ್ಕಟ್ಟಿನಲ್ಲಿ ಅತ್ತೆಯ ಮೇಲಿನ ಸ್ವರ! ಹರಿಯದೆ ಇನ್ನೆಂತ ಆಗಬೇಕು?"

ಮೋನಪ್ಪ ಗಲ್ಲಾದಲ್ಲಿ ಕೂತೇ ನಕ್ಕರು. "ಕುಣಿಲಿಕ್ಕೆ ಬಾರದವಳು ಅಂಗಳ ಡೊಂಕು ಅಂದಳಂತೆ."

"ಅಂಗಳ ನಿಜವಾಗಿ ಡೊಂಕಿದ್ದರೆ ಮಾವ? ಯಾರಾದರೂ ಅಳೆದು ನೋಡಿದ್ದಾರಾ?"

ಮೋನಪ್ಪ ಎಂಬತ್ತು ದಾಟಿದವರು, ಮಾತಿಗೆ ಸೋಲುವವರಲ್ಲ. ಆದರೂ ಗಲ್ಲಾದ ಪೆಟ್ಟಿಗೆ ಮುಚ್ಚಿ ಅವಳ ಕಡೆ ತಿರುಗಿದರು. ಆಮೇಲೆ, "ಮನೆಗಳಲ್ಲಿ ಇದ್ದದ್ದೆಲ್ಲ ಹಾಕಿ ಹಾಕಿ ಸವೆದು ಹೋಗಿದೆ. ಮಂಡಳಿಯ ದೇವರ ಕಪಾಟಿನಲ್ಲಿ ಆ ರೆಕಾರ್ಡಿನ ಒಂದು ಪ್ರತಿ ಉಂಟು. ಪೂಜೆಗೆ ಇಟ್ಟದ್ದು, ಇವತ್ತಿನವರೆಗೆ ಮುಳ್ಳು ತಾಗಿದ್ದಿಲ್ಲ. ದಸರಾ ದಿನ ಬೆಳಿಗ್ಗೆ ತರ್ತೇನೆ, ನಮ್ಮ ಎದುರು ಹಾಕು. ಹರಿದರೆ ಆ ಹಾಡು ಬಿಡುವುದೇ. ಮತ್ತೆ ಚರ್ಚೆ ಇಲ್ಲ" ಎಂದರು. ಆಗಲಿ ಎಂದು ಒಪ್ಪಿ ಜ್ಯೋತ್ಸ್ನಾ ಲೋಕಲ್ ರೈಲು ಹತ್ತಿದಳು.

ಭಾಂಡುಪ್‌ನ ಹಳೆಯ ಆಡಿಯೊ ಸಾಮಾನಿನ ಅಂಗಡಿಯಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು. ಅದರ ಹೆಸರು ಲೀನಿಯರ್ ಟ್ರ್ಯಾಕಿಂಗ್ ಟೋನ್ ಆರ್ಮ್. ಹೆಸರೇ ಉದ್ದ, ಒಳಗಿನ ಹಿಕಮತ್ತು ಸರಳ. ರೆಕಾರ್ಡಿನ ಮೇಲ್ಗಡೆ ಅಡ್ಡಕ್ಕೆ ಒಂದು ಸರಳು, ಸರಳಿನ ಮೇಲೆ ಓಡುವ ಪುಟ್ಟ ಚಕ್ರಗಳ ಗಾಡಿ, ಗಾಡಿಗೆ ಬೆರಳುದ್ದದ ಕೈ, ಕೈಯ ತುದಿಯಲ್ಲಿ ಮುಳ್ಳು. ಮೋಟರು ಗೀಟರು ಇಲ್ಲ. ಗೆರೆ ಮುಳ್ಳನ್ನು ಎಳೆಯಬೇಕು, ಮುಳ್ಳು ಗಾಡಿಯನ್ನು ಎಳೆಯಬೇಕು, ಗಾಡಿ ಅಂಚಿನಿಂದ ನಡುವಿಗೆ ನೇರವಾಗಿ ಸಾಗಬೇಕು. ಆದರೆ ಅಂಗಡಿಯವನು ಕೊಟ್ಟ ಸ್ಥಿತಿಯಲ್ಲಿ ಅದು ಸಾಗುವ ಮಾತು ಹಾಗಿರಲಿ, ತಳ್ಳಿದರೂ ಮುನಿಸಿಕೊಂಡು ನಿಲ್ಲುತ್ತಿತ್ತು.

ಜ್ಯೋತ್ಸ್ನಾ ಅದನ್ನು ಬಿಚ್ಚಿ ಹರವಿ ಕೂತಳು. ಉಕ್ಕಿನ ಸರಳು ತೆಗೆದು, ಕಾರ್ಖಾನೆಯ ಲ್ಯಾಬಿಗೆ ಗಾಜಿನ ಕೊಳವೆ ಮಾಡಿಕೊಡುವವನಿಂದ ನುಣ್ಣನೆಯ ಗಾಜಿನ ಸರಳು ಮಾಡಿಸಿದಳು. ಚಕ್ರಗಳ ಬೇರಿಂಗಿನಲ್ಲಿ ಕಂಪನಿಯವರು ತುಂಬಿದ್ದ ಗ್ರೀಸನ್ನು ಸ್ಪಿರಿಟ್ಟಿನಲ್ಲಿ ತೊಳೆದು ಪೂರಾ ಒಣಗಿಸಿದಳು. ಇಷ್ಟು ಹಗುರ ಗಾಡಿಗೆ ಜಿಡ್ಡೇ ಶತ್ರು. ದಪ್ಪ ವೈರು ಗಾಡಿಯನ್ನು ಹಿಂದಕ್ಕೆ ಜಗ್ಗುತ್ತಿತ್ತು, ಅದನ್ನು ಕಿತ್ತು ಕೂದಲೆಳೆಯಂಥ ತಾಮ್ರದ ತಂತಿ ಜೋಲಾಗಿ ಬಿಟ್ಟಳು. ಹೊಸ ಮುಳ್ಳು ಹಾಕಿದಳು. ಇನ್ನು ನೆಲ. ಈ ಬಿಲ್ಡಿಂಗಿನ ನೆಲಕ್ಕೆ ಬಾತ್‌ರೂಮಿನ ಕಡೆ ಅದೆಂಥ ಪ್ರೀತಿಯೋ, ಕೈತಪ್ಪಿದ ನಿಂಬೆಹಣ್ಣು ಉರುಳಿ ಅಲ್ಲಿಗೇ ಹೋಗುತ್ತದೆ. ಅದಕ್ಕಾಗಿ ಗೋಡೆಗೆ ಕಡಪ ಕಲ್ಲಿನ ಹಲಗೆ ಕೂರಿಸಿ, ಮೇಲೆ ಪ್ಲೇಯರ್ ಇಟ್ಟು, ಗಾರೆಯವರ ರಸಮಟ್ಟ ಹಿಡಿದು ಕಾಲಿನ ಸ್ಕ್ರೂಗಳನ್ನು ತಿರುಗಿಸಿ ತಿರುಗಿಸಿ ಮಟ್ಟ ಮಾಡಿದಳು. ಕೊನೆಗೆ ಗಾಡಿ ಇಟ್ಟಲ್ಲಿ ನಿಂತಿತು, ಉಸಿರು ಬಿಟ್ಟರೆ ಸರಿಯಿತು. ಹಳೆಯ ರೆಕಾರ್ಡುಗಳ ಕೊನೆಯ ಹಾಡುಗಳು ಮೊದಲಿನವುಗಳಷ್ಟೇ ನಿರ್ಮಲವಾಗಿ ಬಂದವು. ಅವಳು ಒಬ್ಬಳೇ ಕೂತು ಚಪ್ಪಾಳೆ ಹೊಡೆದುಕೊಂಡಳು.

ಆಯುಧಪೂಜೆಯ ದಿನ ಅವಳಿಗೆ ಡ್ಯೂಟಿ ಇತ್ತು. ಸಂಜೆ ಮನೆಗೆ ಬಂದರೆ ಪ್ಲೇಯರಿನ ಕಲ್ಲಿಗೆ ಗಂಧ, ಕುಂಕುಮ, ಒಂದು ಗೊಂಡೆ ಹೂವು. ಇದು ಗಂಡ ಸುಕೇಶನ ಕೆಲಸ. ಸೋದರಮಾವ ಮೋನಪ್ಪನವರ ಹೋಟೆಲನ್ನು ಈಗ ನೋಡಿಕೊಳ್ಳುವವನು ಅವನೇ. ಗ್ರೈಂಡರಿನಿಂದ ಹಿಡಿದು ಶಟರಿನವರೆಗೆ ಎಲ್ಲಕ್ಕೂ ಪೂಜೆ ಮುಗಿಸಿ, ಹೆಂಡತಿಯ ಮಿಶಿನ್ನನ್ನೂ ಮರೆಯದೆ ಬಂದಿದ್ದ. ಜ್ಯೋತ್ಸ್ನಾಳಿಗೆ ಮನಸ್ಸು ತುಂಬಿತು. ಒಮ್ಮೆ ಹಾಕಿ ನೋಡೋಣವೆಂದು ಕೈ ತುಡಿಯಿತು, ಆದರೆ ಪೂಜೆಗಿಟ್ಟ ಆಯುಧವನ್ನು ದಸರಾದವರೆಗೆ ಮುಟ್ಟುವ ಪದ್ಧತಿಯಿಲ್ಲ. ಇರಲಿ, ಮಾಡಿದ್ದು ನಾನು, ಕೈಕೊಡುವುದುಂಟೇ ಎಂದುಕೊಂಡು ಮಲಗಿದಳು.

ದಸರಾದ ಬೆಳಿಗ್ಗೆ ಮೋನಪ್ಪ ರೇಷ್ಮೆ ಶಲ್ಯ ಹೊದ್ದು, ರೆಕಾರ್ಡನ್ನು ಎದೆಗಾನಿಸಿಕೊಂಡು ಬಂದರು. ಸೇವಂತಿಯಮ್ಮ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು, ಬೇಕೆಂದಾಗ ಎದ್ದು ಹೋಗಲು ಅನುಕೂಲವಾಗಲೆಂದೇ. ಜ್ಯೋತ್ಸ್ನಾ ಎರಡನೇ ಮಗ್ಗುಲು ಹಾಕಿ ಮುಳ್ಳು ಇಳಿಸಿದಳು.

ಮೊದಲ ಹಾಡು ಬಂತು, ಎರಡನೆಯದು ಬಂತು. ತಬಲಾ ಬೇರೆ, ತಾಳ ಬೇರೆ, ಹಿಂದೆ ಯಾರೋ ಉಸಿರೆಳೆದದ್ದೂ ಬೇರೆಯಾಗಿ ಕೇಳಿಸಿತು. ಗಾಡಿ ಗಾಜಿನ ಮೇಲೆ ನುಣ್ಣಗೆ ಸರಿಯುತ್ತಿತ್ತು. ಮೋನಪ್ಪನವರ ತಲೆ ತಾನಾಗಿ ಆಡತೊಡಗಿತು. ಕೊನೆಯ ಹಾಡು ಶುರುವಾಯಿತು, ಸೇವಂತಿಯ ಮೂವತ್ತರ ಪ್ರಾಯದ ಸ್ವರ ಮೆಲ್ಲಗೆ ಎದ್ದಿತು. ಪಲ್ಲವಿ ದಾಟಿ ಮೇಲೇರಬೇಕೆನ್ನುವಷ್ಟರಲ್ಲಿ ಗಾಡಿ ಗಕ್ಕೆಂದು ನಿಂತಿತು. ಸ್ವರ ಪರ್ರೆಂದು ಹರಿಯಿತು. ಜ್ಯೋತ್ಸ್ನಾ ತಟ್ಟನೆ ಮುಳ್ಳು ಎತ್ತಿದಳು.

"ಸಾಕು ಮಾರಾಯ್ತಿ," ಸೇವಂತಿಯಮ್ಮ ಎದ್ದು ನಿಂತಿದ್ದರು. "ನನ್ನ ಗಂಟಲಿಗೆ ನೀನು ಇನ್ನೆಷ್ಟು ಮಿಶಿನ್ ತರ್ತೀ? ಗೊತ್ತಿದ್ದದ್ದೇ ಇದು. ಬಿಟ್ಟುಬಿಡು."

ಮೋನಪ್ಪ ಗೆದ್ದೆನೆಂದು ಬೀಗಲಿಲ್ಲ. ನೆಲ ನೋಡುತ್ತ ಕೂತರು. ಅತ್ತೆಯ ಗಾಯವನ್ನು ನಾನೇ ಕೆದಕಿದೆನೇ ಎಂದು ಜ್ಯೋತ್ಸ್ನಾಳಿಗೆ ಭಯವಾಯಿತು. ಆದರೆ ಮರುಕ್ಷಣವೇ ಅವಳ ವೃತ್ತಿಬುದ್ಧಿ ಎಚ್ಚೆತ್ತಿತು. ಓರೆ ಮುಳ್ಳಿನ ದೋಷವಾದರೆ ಸ್ವಲ್ಪಸ್ವಲ್ಪವಾಗಿ ಏರಬೇಕು. ಇದು ಒಂದೇ ಜಾಗದಲ್ಲಿ ಬಡಕ್ಕನೆ ಬಂದದ್ದು. ಹಾಗೆ ಬರುವುದು ಗಂಟಲಿನಿಂದಲ್ಲ, ಗೆರೆಯಿಂದಲೂ ಅಲ್ಲ, ಗಾಡಿ ಓಡುವ ದಾರಿಯಿಂದ.

"ಅತ್ತೆ, ಕೂತ್ಕೊಳ್ಳಿ. ಹೋಗಬೇಡಿ" ಎಂದು ಅವಳು ಗಾಡಿ ನಿಂತ ಕಡೆ ಗಾಜಿನ ಸರಳನ್ನು ಬೆರಳಿನಿಂದ ಸವರಿ ಮೂಗಿಗೆ ಹಿಡಿದಳು. ತೆಂಗಿನೆಣ್ಣೆ!

"ಸುಕೇಶ್, ನಿನ್ನೆ ಇದಕ್ಕೆ ಎಂತ ಹಾಕಿದ್ರಿ?"

"ಎಂತ ಇಲ್ಲ. ಗಂಧ, ಹೂ... ಮತ್ತೆ ಒಂದೇ ಒಂದು ಬೊಟ್ಟು ಎಣ್ಣೆ." ಸುಕೇಶ ಮುಗ್ಧನಾಗಿ ಹೇಳಿದ. "ಗಾಡಿ ಇಲ್ಲದ ತುದಿಗೇ ಹಾಕಿದ್ದು, ತಾಗಬಾರದು ಅಂತ. ಆಯುಧಪೂಜೆಗೆ ಎಣ್ಣೆ ಕಾಣದ ಮಿಶಿನ್ ಉಂಟಾ? ನಮ್ಮ ಹೋಟೆಲಿನಲ್ಲಿ ತಕ್ಕಡಿಗೂ ಹಾಕ್ತೇವೆ."

ಬೈಯಬೇಕೆಂದು ಬಾಯಿ ತೆರೆದ ಜ್ಯೋತ್ಸ್ನಾಳಿಗೆ ನಗು ಬಂತು. ಎಲ್ಲ ಮಿಶಿನ್ನಿಗೂ ಎಣ್ಣೆಯೇ ಆಯುಷ್ಯವೆಂದು ನಂಬಿದ ಮನೆತನದಲ್ಲಿ, ಎಣ್ಣೆ ತಾಗಿದರೆ ಸಾಯುವ ಮಿಶಿನ್ ತಂದಿಟ್ಟು ಒಂದು ಮಾತು ಹೇಳದೆ ಹೋದವಳು ಅವಳೇ. "ಇದು ಉಪವಾಸದ ಮಿಶಿನ್. ಇದಕ್ಕೆ ಒಣಗಿದ್ದೇ ಊಟ" ಎನ್ನುತ್ತ ಸ್ಪಿರಿಟ್ಟು, ಹತ್ತಿ ತಂದಳು. ಸರಳನ್ನು ತುದಿಯಿಂದ ತುದಿಗೆ ಒರೆಸಿದಳು. ಚಕ್ರಗಳನ್ನು ಬಿಚ್ಚಿ ತೊಳೆದು, ಗಾಳಿಯೂದಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಕೂರಿಸಿದಳು. ಮುಳ್ಳಿನ ತುದಿಯನ್ನೂ ಬಿಡಲಿಲ್ಲ. ರಸಮಟ್ಟ ಇಟ್ಟು ಇನ್ನೊಮ್ಮೆ ನೋಡಿ, ಕೊನೆಯ ಹಾಡಿನ ಮೊದಲ ಗೆರೆಗೇ ಮುಳ್ಳು ಇಳಿಸಿದಳು.

ಪಲ್ಲವಿ ಬಂತು. ಎಣ್ಣೆಯಿದ್ದ ಜಾಗವನ್ನು ಗಾಡಿ ಏನೂ ಆಗಿಲ್ಲವೆಂಬಂತೆ ದಾಟಿತು. ಸ್ವರ ಮೇಲೇರಿತು, ಏರಿ ನಿಂತಿತು, ನಿಂತಲ್ಲಿ ತುಂಬಿಕೊಂಡಿತು. ಹರಿಯಲಿಲ್ಲ. ಮತ್ತೂ ಮೇಲೆ ಹೋಯಿತು. ಅಲ್ಲಿಯೂ ಒಂದು ಬಿರುಕಿಲ್ಲ, ಒಂದು ಒರಟಿಲ್ಲ. ನಲವತ್ತು ವರ್ಷ ಯಾರೂ ಕೇಳದ ಹೆಂಗಸೊಬ್ಬಳು ಆ ಸಣ್ಣ ಹಾಲಿನಲ್ಲಿ ಕೊರಳು ತುಂಬಿ ಹಾಡುತ್ತಿದ್ದಳು. ಎರಡನೇ ಚರಣ ಮುಗಿಯಿತು. ಗಾಡಿ ಲೇಬಲ್ಲಿನ ಬಳಿ ಹೋಗಿ ನಿಂತಿತು.

ಮೋನಪ್ಪನವರ ಕಣ್ಣು ಒದ್ದೆಯಾಗಿತ್ತು. "ನಿಂದು ಒಡೆದಿರಲೇ ಇಲ್ಲ ಸೇವಂತಿ. ಒಳ್ಳೇದಾಯ್ತು, ಈಗಲಾದರೂ ಗೊತ್ತಾಯ್ತಲ್ಲ" ಎಂದರು.

"ಎಂತ ಒಳ್ಳೇದು?" ಸೇವಂತಿಯಮ್ಮ ಅಣ್ಣನ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನಂಗೆ ಖುಷಿ ಆಗ್ತಾ ಇಲ್ಲ ಅಣ್ಣ. ಸಿಟ್ಟು ಬರ್ತಾ ಉಂಟು. ನೀನು ಹೇಳಿದ್ದಕ್ಕಲ್ಲ. ನೀನು ಹೇಳಿದ ಕೂಡ್ಲೆ ನಾನು ನಂಬಿದೆನಲ್ಲ, ಅದಕ್ಕೆ. ಹಾಡಿದವಳು ನಾನು. ಒಡೆದಿಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ?"

ಜ್ಯೋತ್ಸ್ನಾ ಎದ್ದು ಮುಳ್ಳು ಎತ್ತಿದಳು, ರೆಕಾರ್ಡು ನಿಧಾನವಾಗಿ ತಿರುಗಿ ನಿಂತಿತು.

"ಇದಕ್ಕೆ ಇನ್ನೊಂದು ಚರಣ ಉಂಟು," ಸೇವಂತಿಯಮ್ಮ ಹೇಳಿದರು. "ರೆಕಾರ್ಡಿನಲ್ಲಿ ಜಾಗ ಸಾಲುವುದಿಲ್ಲ ಅಂತ ಆವಾಗ ಬಿಟ್ಟದ್ದು."

ಯಾರೂ ಹಾಡಿರೆಂದು ಹೇಳಲಿಲ್ಲ, ಅವರೂ ಯಾರನ್ನೂ ಕೇಳಲಿಲ್ಲ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ರೆಕಾರ್ಡು ನಿಲ್ಲಿಸಿದ ಅದೇ ಶ್ರುತಿಯಲ್ಲಿ ಎತ್ತಿಕೊಂಡರು. ಎಪ್ಪತ್ತು ದಾಟಿದ ಗಂಟಲು. ಮೊದಲ ಸಾಲು ನಡುಗುತ್ತ ಬಂತು, ಎರಡನೆಯದು ಗಟ್ಟಿಯಾಯಿತು. ಮೂರನೆಯದರಲ್ಲಿ ಸ್ವರ ಮೇಲೇರುವ ಜಾಗ ಬಂದಾಗ ಅದು ನಿಜವಾಗಿಯೇ ಒಡೆಯಿತು. ಕೋಣೆಯಲ್ಲಿದ್ದವರೆಲ್ಲ ಕೇಳಿದರು. ಮೋನಪ್ಪ ಬೆಚ್ಚಿ ತಂಗಿಯ ಮುಖ ನೋಡಿದರು. ಸೇವಂತಿಯಮ್ಮ ಅಣ್ಣನ ಕಡೆ ನೋಡಲಿಲ್ಲ. ಉಸಿರೆಳೆದುಕೊಂಡು, ಅದೇ ಸಾಲನ್ನು ಮತ್ತೆ ಅಷ್ಟೇ ಮೇಲಿನಿಂದ ಎತ್ತಿಕೊಂಡರು.