ಮಿಕ್ಸಿಯ ಮೇಲೊಂದು ಆಣೆ

ನಮ್ಮೂರ ಹೆಂಗಸರಿಗೆ ಬುದ್ಧಿ ಹೇಳುವುದೂ ಒಂದೇ, ಬಂಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ನಾನು ಎರಡನ್ನೂ ಮಾಡಿದೆ.

ನನ್ನ ಮಗಳು ಕಾವ್ಯ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ. ಕಾಲೇಜಿಗೆ ಗುಬ್ಬಿಗೆ ಹೋಗಬೇಕು. ಬಸ್ಸು ಮೇನ್ ರೋಡಿನಲ್ಲೇ ಹೋಗಿಬಿಡುತ್ತದೆ, ಊರೊಳಗೆ ಬರುವುದಿಲ್ಲ. ಬಸ್ಸಿಲ್ಲದಿದ್ದರೆ ಕಾಲೇಜೂ ಇಲ್ಲ ಎಂದು ಅವಳಪ್ಪ ಕಡ್ಡಿ ಮುರಿದಂತೆ ಹೇಳಿದ್ದಾರೆ.

ಈ ಸಲ ಅಸೆಂಬ್ಲಿ ಎಲೆಕ್ಷನ್‌ಗೆ ರಿಟೈರ್ಡ್ ಟೀಚರ್ ಶಿವರುದ್ರಮ್ಮ ಪಕ್ಷೇತರರಾಗಿ ನಿಂತರು. ಬಸ್ಸಿನ ಮಾತೆತ್ತಿದವರು ಅವರೊಬ್ಬರೇ. ಅವರು ಸೋತರೂ ಸರಿ, ಊರಿನ ಓಟೆಲ್ಲ ಅವರಿಗೇ ಬಿದ್ದರೆ ಗೆದ್ದವನು ಹೆದರಿಯಾದರೂ ಬಸ್ಸು ಕಳಿಸುತ್ತಾನೆ ಎಂಬುದು ನನ್ನ ಲೆಕ್ಕ. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ, ನಮ್ಮತ್ತೆಯೂ ಸೇರಿ, ಹೂಂ ಅಂದಿದ್ದರು.

ಅಷ್ಟರಲ್ಲಿ ಒಂದು ಪಾರ್ಟಿಯವರು ಮಿಕ್ಸಿ ಹಂಚಿದರು. ಸುಮ್ಮನೆ ಹಂಚಲಿಲ್ಲ. ಮಾರಮ್ಮನ ಫೋಟೋ ಇಟ್ಟು, ಅರಿಶಿನ ಕುಂಕುಮ ಕೊಟ್ಟು, ಮಿಕ್ಸಿಯ ಮೇಲೆ ಕೈ ಇಡಿಸಿ ತಮಗೇ ಓಟು ಹಾಕಬೇಕೆಂದು ಆಣೆ ಮಾಡಿಸಿದರು. ನಾನು ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬರುವಷ್ಟರಲ್ಲಿ ನಮ್ಮತ್ತೆ ಓಬಳಮ್ಮ ಅದರಲ್ಲಿ ಚಟ್ನಿ ರುಬ್ಬುತ್ತಿದ್ದರು.

“ಕಾವ್ಯನ ಕಾಲೇಜು ಏನಾಯ್ತದೆ ಅತ್ತೆ?”

“ಮಾರಮ್ಮನ ಮೇಲೆ ಆಣೆ ಮಾಡಿವ್ನಿ ಕಣೇ ಸುಮನಾ. ತಪ್ಪುದ್ರೆ ಸುಮ್ಕೆ ಬುಡ್ತಾಳಾ?”

ಮೈಯೆಲ್ಲ ಉರಿದುಹೋಯಿತು. ಆಣೆಯಿಂದ ಬಿಡಿಸಲು ಆ ತಾಯಿಯೇ ಬೇಕೆಂದು ಮರುದಿನ ಬೆಳಗ್ಗೆ ಎಲ್ಲರನ್ನೂ ಮಾರಮ್ಮನ ಗುಡಿಗೆ ಎಳೆದುಕೊಂಡು ಹೋದೆ. ಪೂಜಾರಿ ಅಡವಿಯಪ್ಪನವರು ಎಲ್ಲರಿಂದ ತಪ್ಪುಕಾಣಿಕೆ ಹಾಕಿಸಿ, “ಆಣೆ ಬುಡಂಗಿದ್ರೆ ಬಲಗಡೆ ಹೂ ಕೊಡವ್ವಾ” ಎಂದು ಕೈಮುಗಿದರು. ಹೂ ಬಲಗಡೆಯೇ ಬಿತ್ತು. ನನಗೆ ಕಣ್ಣು ತುಂಬಿಬಂತು. ಬಸ್ಸು ಊರಿಗೆ ಬಂದೇ ಬಿಟ್ಟಿತು ಅನ್ನಿಸಿತು, ಎಂಥ ಪೆದ್ದಿ ನಾನು.

ಇಂಥ ಸುದ್ದಿ ಊರು ದಾಟಲು ಎಷ್ಟು ಹೊತ್ತು ಬೇಕು? ಆಣೆ ಬಿಟ್ಟುಹೋದ ಓಟುಗಳು ಇಲ್ಲಿವೆ ಎಂದು ಗೊತ್ತಾಗಿದ್ದೇ ತಡ, ಎದುರು ಪಾರ್ಟಿಯವರು ಸಂಜೆಗೆ ಕುಕ್ಕರ್ ಹೊತ್ತು ನೇರವಾಗಿ ಗುಡಿಗೇ ಬಂದರು. ನಾನು ಓಡಿಹೋಗಿ ನೋಡಿದರೆ ಸಾಲಿನಲ್ಲಿ ಮೊದಲು ನಿಂತವರು ನಮ್ಮತ್ತೆ. ಕೈ ಆಗಲೇ ಕುಕ್ಕರ್ ಮೇಲಿತ್ತು.

“ಅತ್ತೇ, ಟೀಚರಮ್ಮಂಗೆ ಹಾಕ್ತೀನಿ ಅಂದಿದ್ರಲ್ಲ!” ಎಂದು ಕೂಗಿದೆ.

ಅತ್ತೆ ನನ್ನನ್ನೇ ಸಮಾಧಾನ ಮಾಡುವವರಂತೆ ಮೆತ್ತಗೆ ಹೇಳಿದರು.

“ಆಯಮ್ಮ ಬಲು ಒಳ್ಳೇವ್ಳು ಕಣೇ. ಯಾರ್ ತಾವೂ ಆಣೆ ಮಾಡಿಸ್ಕೊಂಡಿಲ್ಲ. ಆಯಮ್ಮಂಗೆ ಹಾಕ್ದೆ ಇದ್ರೆ ಮಾರಮ್ಮ ಏನೂ ಅನ್ನಾಕಿಲ್ಲ.”