ಹಾಲು ಕರೆಯುವ ಕೊಕ್ಕರೆ

ಸಾವಿರಾರು ವರ್ಷ ಹಿಂದೆ ಸತ್ತವರ ಜೊತೆ ದಿನ ಕಳೆಯುವವರಿಗೆ ಅವಸರ ಅನ್ನುವುದು ಹತ್ತಿರ ಸುಳಿಯುವುದಿಲ್ಲ. ವಸ್ತುಸಂಗ್ರಹಾಲಯದ ಮೂಳೆಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರೂ ಹಾಗೇ ಇದ್ದರು. ಅವರ ತಂಗಿಯ ಮಗಳು ಅದೇ ಕಟ್ಟಡದ ಮೇಲಂತಸ್ತಿನ ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿ, ಎಲ್ಲರೆದುರು 'ಮಾವ' ಎಂದು ಕರೆದದ್ದೇ ತಡ, ಇಡೀ ಕಚೇರಿಗೆ ಅವರು ಮೂಳೆಮಾವ ಆದರು.

ಮಾವನ ಜೀವವೆಲ್ಲ ಒಂದು ತೊಡೆಮೂಳೆಯಲ್ಲಿತ್ತು. ಎರಡೂ ತುದಿ ಮುರಿದ, ಬೆಲ್ಲದ ಬಣ್ಣಕ್ಕೆ ತಿರುಗಿದ ಮೂಳೆ. ಅದರ ಮುಂದೆ ಅವರೇ ದುಂಡಗೆ ಬರೆದಿಟ್ಟ ಚೀಟಿ: 'ದೈತ್ಯ ಕೊಕ್ಕರೆ. ಈಗ ಇಲ್ಲ.' ದಿನಾ ಬೆಳಿಗ್ಗೆ ಬೀಗ ತೆಗೆದು, ದೀಪ ಹಾಕಿ, ಅದಕ್ಕೆ ಕೈ ಮುಗಿದ ಮೇಲೇ ಅವರು ಕುರ್ಚಿ ಎಳೆದುಕೊಳ್ಳುವುದು. ಭಗವಂತ ಒಮ್ಮೆ ಮಾಡಿದ್ದನ್ನು ಮರೆಯುವ ಹಕ್ಕು ನಮಗಿಲ್ಲ ಎಂದು ಅವರ ನಂಬಿಕೆ. ಆ ಕನಿಕರ ಅಂಗಳದ ಕೊಳದಲ್ಲಿದ್ದ ಬಾತುಗಳವರೆಗೆ ಮಾತ್ರ ಮುಟ್ಟಿರಲಿಲ್ಲ. ಊಟದ ಡಬ್ಬಿಗೆ ಬಾಯಿ ಹಾಕಲು ಬರುತ್ತಿದ್ದ ಅವನ್ನು ಕೊಡೆ ಬೀಸಿ ಅಟ್ಟುತ್ತಿದ್ದರು.

ಸೋಮವಾರ ಹೊಸ ಗಾಜಿನ ಕೋಣೆ ತೆರೆಯಬೇಕಿತ್ತು. "ಹೆಸರು ಖಾತ್ರಿ ಇರೋದು ಮಾತ್ರ ಅಲ್ಲಿಗೆ. ಉಳಿದದ್ದು ನೆಲಮಾಳಿಗೆಗೆ" ಎಂದರು ನಿರ್ದೇಶಕಿ. ತಿಂಗಳ ಕೊನೆಗೆ ಮಾವನ ನಿವೃತ್ತಿ. ತಾನು ಹೋದಮೇಲೆ ನೆಲಮಾಳಿಗೆಯ ಪೆಟ್ಟಿಗೆ ತೆರೆದು ನೋಡುವವರು ಯಾರು?

"ಆಕಾರ ನೋಡಿ ಹೇಳೋಣ ಅಂದ್ರೆ ತುದಿಗಳೇ ಇಲ್ಲ ಮಾವ" ಎಂದಳು ಸೋದರಸೊಸೆ. "ಆದ್ರೆ ಮೂಳೆ ಒಳಗೆ ಕೊಲಾಜನ್ ಅಂತ ಒಂದು ಪ್ರೋಟೀನ್ ಉಳಿದಿರುತ್ತೆ. ಅದನ್ನ ತುಂಡು ಮಾಡಿ ಯಂತ್ರದಲ್ಲಿ ತೂಗಿದ್ರೆ ಯಾವ ಮನೆತನದ್ದು ಅಂತ ತಿಳಿಯುತ್ತೆ. ಚಿಕ್ಕದೊಂದು ತೂತು ಕೊರೀತೀನಿ."

"ತೂತಾ? ಚಿಕ್ಕೋಳಿದ್ದಾಗ ನಿಂಗೆ ಒಂದು ಸೂಜಿ ಚುಚ್ಚಿದ್ದಕ್ಕೆ ಬೀದಿಯೆಲ್ಲ ಕೇಳೋ ಹಾಗೆ ಅತ್ತಿದ್ದೆ. ಬೇಕಾದ್ರೆ ಮೇಲಿಂದ ಒಂಚೂರು ಕೆರ್ಕೊ."

ಅವಳು ಮೇಲಿಂದಲೇ ಕೆರೆದುಕೊಂಡಳು. ಎರಡು ದಿನದ ಮೇಲೆ ಒಂದು ಹಾಳೆ ಹಿಡಿದು ಬಂದಳು.

"ಮಾವ, ಸ್ವಲ್ಪ ಕೂತ್ಕೊಳ್ಳಿ. ಇದು ದನ."

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಾಗಿಲು ಕಾಯುವವನ ತನಕ ಹೋಯಿತು. "ಕೊಂಬಿತ್ತೋ ಕೊಕ್ಕಿತ್ತೋ ಮೂಳೆಮಾವ?" ಎಂದು ಅವನು ಕೇಳಿದ. ಕಸ ಗುಡಿಸುವಾಕೆ ಪೊರಕೆ ಊರಿ ನಿಂತಳು. "ನೀವ್ ಸುಮ್ನಿರಿ. ಅಲ್ಲ ಮೂಳೆಮಾವ, ನಿಮ್ಮ ಕೊಕ್ಕರೆ ಹೊತ್ತಿಗೆ ಎಷ್ಟು ಲೀಟರ್ ಕರೀತಿತ್ತು?"

ಮಾವ ಅವತ್ತು ಊಟದ ಡಬ್ಬಿ ತೆರೆಯಲೇ ಇಲ್ಲ. ಸಂಜೆ, ಮೂಳೆಯನ್ನು ಪೆಟ್ಟಿಗೆಗೆ ಹಾಕುವ ಮೊದಲು, ಕೊನೆಯ ಸೇವೆ ಎಂದು ಮೂಲೆಯ ಒಲೆಯ ಮೇಲೆ ಏನನ್ನೋ ಬಿಸಿ ಮಾಡಿ ಕುಂಚ ಅದ್ದಿದರು. ಸೊಸೆ ಮೂಗು ಮುಚ್ಚಿಕೊಂಡು ಒಳಗೆ ಬಂದಳು.

"ಏನು ಮಾವ ಇದು ವಾಸನೆ?"

"ಅಂಟು. ಮೂಳೆ ಬಿರುಕು ಬಿಡಬಾರದು ಅಂತ ವರ್ಷಕ್ಕೊಂದು ಸಲ ಬಳೀತೀನಿ. ಮೂವತ್ತು ವರ್ಷ ಒಂದು ಸಲಾನೂ ತಪ್ಪಿಸಿಲ್ಲ. ಒಬ್ಬ ಬಡಗಿ ಹೇಳ್ಕೊಟ್ಟಿದ್ದು."

"ಯಾವುದರಿಂದ ಮಾಡ್ತೀರಿ?"

"ದನದ ಚರ್ಮ ಕುದಿಸಿ..." ಎಂದವರೇ ನಿಲ್ಲಿಸಿದರು. ಕುಂಚ ಗಾಳಿಯಲ್ಲೇ ನಿಂತಿತು.

"ಅದೂ ಕೊಲಾಜನ್ನೇ" ಎಂದಳು ಸೊಸೆ ಮೆಲ್ಲಗೆ. "ನಾನು ಕೆರೆದದ್ದು ಹಕ್ಕಿ ಮೂಳೆನಲ್ಲ, ನಿಮ್ಮ ಅಂಟನ್ನ."

ಮಾವ ಕುಂಚ ಕೆಳಗಿಟ್ಟರು. "ಕಾಪಾಡ್ತೀನಿ ಅಂತ ನಾನೇ ಮುಚ್ಚಿಹಾಕಿದೆನಲ್ಲ. ಕೊರೆದುಬಿಡು ತಾಯಿ. ಹಿಡ್ಕೊಳ್ಳೋದು ಮಾತ್ರ ನಾನು."

ಮೂಳೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಅವುಚಿ, ಕಣ್ಣು ಮುಚ್ಚಿ, ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡರು.

"ಆಯ್ತಾ?"

"ಇನ್ನೂ ಶುರುನೇ ಮಾಡಿಲ್ಲ ಮಾವ."

ಒಳಗಿನಿಂದ ಒಂದು ಚಿಟಿಕೆ ಪುಡಿ ಬಂತು. ಶನಿವಾರ ಫಲಿತಾಂಶವೂ ಬಂತು.

"ಹಕ್ಕೀನೇ ಮಾವ. ಈಗ ಭೂಮಿ ಮೇಲೆ ಇಲ್ಲದ ಹಕ್ಕಿ. ಮೇಡಂ ಒಪ್ಪಿದಾರೆ, ಗಾಜಿನ ಕೋಣೆಗೆ ಹೋಗುತ್ತೆ."

ಮಾವ ಕೈ ಮುಗಿದರು.

"ಆದ್ರೆ ಕೊಕ್ಕರೆ ಅಲ್ಲ."

"ಮತ್ತೆ?"

ಅವಳು ಕಿಟಕಿ ಕಡೆ ನೋಡಿದಳು. ಹೊರಗೆ ಬಾತುಗಳು ಏನೋ ವಿಷಯಕ್ಕೆ ಜೋರಾಗಿ ಜಗಳವಾಡುತ್ತಿದ್ದವು.

"ಅವುಗಳ ಕಡೆಯದ್ದಾ?" ಮಾವನ ದನಿ ಇಳಿಯಿತು.

"ಅವುಗಳ ದೊಡ್ಡಜ್ಜಿ ಅಂದ್ಕೊಳ್ಳಿ."

ಮಾವ ಹೊಸ ಚೀಟಿ ತೆಗೆದು ಅದೇ ದುಂಡನೆಯ ಅಕ್ಷರದಲ್ಲಿ ಬರೆದರು: 'ದೈತ್ಯ ಬಾತು. ಈಗ ಇಲ್ಲ.' ಬರೆದ ಮೇಲೆ ಮೂಳೆಗೆ ಹೇಳಿದರು, "ಮೂವತ್ತು ವರ್ಷ ಬೇರೆಯವರ ಹೆಸರಿಟ್ಟು ಕರೆದೆ. ನೀನು ಒಂದಿನಾನೂ ಬೇಜಾರು ಮಾಡ್ಕೊಳ್ಳಲಿಲ್ಲ." ಅಷ್ಟರಲ್ಲಿ ಸೊಸೆ ಅಂಟಿನ ಡಬ್ಬವನ್ನು ಸದ್ದಿಲ್ಲದೆ ಎತ್ತಿಕೊಂಡು ಹೋಗಿದ್ದಳು.

ಸೋಮವಾರ ಗಾಜಿನ ಕೋಣೆಯಲ್ಲಿ ಜನ ಮೂಳೆಯ ಮುಂದೆ ಸಾಲುಗಟ್ಟಿದ್ದಾಗ ಮಾವ ಕೊಳದ ಪಕ್ಕ ಊಟಕ್ಕೆ ಕೂತಿದ್ದರು. ಎಲ್ಲಕ್ಕಿಂತ ದಪ್ಪಗಿದ್ದ ಬಾತು ಎಂದಿನಂತೆ ಓಲಾಡುತ್ತ ಡಬ್ಬಿಯತ್ತಲೇ ಬಂತು. ಮಾವನ ಕೊಡೆ ಅಭ್ಯಾಸಬಲದಿಂದ ಅರ್ಧ ಮೇಲೆದ್ದಿತು. ಆಮೇಲೆ ನಿಧಾನವಾಗಿ ಕೆಳಗಿಳಿಯಿತು.

"ಇಂಥಾ ದೊಡ್ಡ ಮನೆತನದವರು ಅಂತ ಮೊದಲೇ ಹೇಳ್ಬಾರದಿತ್ತಾ?" ಎಂದು ಅವರು ಡಬ್ಬಿಯನ್ನು ಮುಂದಕ್ಕೆ ಸರಿಸಿದರು.

ಬಾತು ಡಬ್ಬಿಗೆ ಬಾಯಿ ಹಾಕುವ ಮೊದಲು, ಹಳೆಯ ಬಾಕಿ ಎಂಬಂತೆ, ಅವರ ಹೆಬ್ಬೆರಳನ್ನು ಒಮ್ಮೆ ಚೆನ್ನಾಗಿ ಕಚ್ಚಿತು.