ಹಸಿರು ಬಾವುಟದವನ ಸರದಿ

ಕನ್ನಡಕದಂಗಡಿಯವನಿಗೆ ಅರ್ಥವಾಗದ ಸಂಗತಿಗಳು ಜಗತ್ತಿನಲ್ಲಿ ಬೇಕಾದಷ್ಟಿದ್ದವು. ಅವುಗಳಿಗೆಲ್ಲ ಅವನು ತಲೆ ಕೆಡಿಸಿಕೊಂಡವನಲ್ಲ. ಆದರೆ ಹೆಂಡತಿ ಆಡುತ್ತಿದ್ದ ಕಂಪ್ಯೂಟರ್ ಆಟ ಯಾವಾಗ ಮುಗಿಯುತ್ತದೆ ಎಂಬ ಒಂದೇ ಒಂದು ಪ್ರಶ್ನೆ ಅವನ ತಲೆಯನ್ನು ಹುಳದ ಹಾಗೆ ಕೊರೆಯುತ್ತಿತ್ತು. ಅವನ ಕಸುಬಿನಲ್ಲಿ ಹಾಗಿಲ್ಲ. ಗಿರಾಕಿ ಡಾಕ್ಟರ ಚೀಟಿ ತಂದರೆ ಗಾಜು ತರಿಸಿ, ಅಂಚು ಉಜ್ಜಿ, ಫ್ರೇಮಿಗೆ ಕೂರಿಸಿ, "ಬುಧವಾರ ಸಂಜೆ ಬನ್ನಿ" ಎಂದರೆ ಬುಧವಾರ ಸಂಜೆಗೆ ಕನ್ನಡಕ ತಯಾರು. ಮುಗಿಯುವ ಹೊತ್ತೇ ಇಲ್ಲದ್ದನ್ನು ಕೆಲಸ ಎನ್ನಲಾಗದು, ಸರಿ. ಆದರೆ ಆಟ ಅಂತಾದರೂ ಅದನ್ನು ಕರೆಯುವುದು ಹೇಗೆ?

ರಾಜ್ಯ ಕಟ್ಟುವ ಆಟ ಅದು. ಪರದೆ ತುಂಬ ಭೂಪಟ, ನಡುವೆ ಒಂದು ನದಿ. ನೀಲಿ ಬಾವುಟ ಹೆಂಡತಿಯದು, ಹಸಿರು ಬಾವುಟ ಎದುರಾಳಿಯದು. ಒಂದು ಸಲ ಇವಳು ನಡೆಸಬೇಕು, ಇನ್ನೊಂದು ಸಲ ಅವನು. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವೆಲ್ಲ ರಕ್ತ ಪರೀಕ್ಷೆ ಮಾಡಿ ಸುಸ್ತಾಗಿ ಬರುವಳು, ಕೈಕಾಲು ತೊಳೆದವಳೇ ಕಂಪ್ಯೂಟರಿನ ಮುಂದೆ ಕೂರುವಳು. ಒಂದು ದೋಣಿ ಸರಿಸುವಳು, ಹೊಲಕ್ಕೆ ಒಂದು ಕಾಲುವೆ ತೋಡುವಳು, ಆಮೇಲೆ ಗಲ್ಲಕ್ಕೆ ಕೈಕೊಟ್ಟು ಹಸಿರು ಕಡೆಯನ್ನೇ ನೋಡುತ್ತ ಕೂರುವಳು. ಇಷ್ಟಕ್ಕೇ ಅಡುಗೆಯ ಹೊತ್ತು ಮೀರುತ್ತಿತ್ತು. "ಸರಿ, ಇನ್ನು ಹಸಿರು ಬಾವುಟದವನ ಸರದಿ" ಎಂದು ಎದ್ದರೆ ಅವತ್ತಿಗೆ ಮುಗಿಯಿತು. ಮಾರನೆಯ ದಿನ ಮತ್ತೆ ಅದೇ ರಾಗ. ಹೀಗೇ ವರ್ಷಗಳು ಉರುಳಿದ್ದವು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ, ಕಡೇಪಕ್ಷ ಒಂದು ಕತ್ತಿಯಾದರೂ ಒರೆಯಿಂದ ಹೊರಬರಲಿಲ್ಲ.

ಅವಳು ಆಡಿಕೊಂಡರೆ ಇವನ ಗಂಟೇನು ಹೋಗುತ್ತಿತ್ತು ಎನ್ನಬಹುದು. ಹೋಗುತ್ತಿತ್ತು. ಹೆಂಡತಿಗೂ ಅವಳ ತಮ್ಮನಿಗೂ ಮಾತು ನಿಂತುಹೋಗಿತ್ತು. ತಮ್ಮ ಸೇತುವೆ ಕಟ್ಟುವ ಕಂಪನಿಯಲ್ಲಿ ಸರ್ವೇಯರ್, ಊರೂರು ಅಲೆಯುವ ಕೆಲಸ. ಅತ್ತೆಯವರು ಕೊನೆಯ ಸಲ ಹಾಸಿಗೆ ಹಿಡಿದಾಗ, "ಅವನಿಗೆ ಹೇಳಬೇಡ, ಕೆಲಸ ಬಿಟ್ಟು ಓಡಿ ಬರ್ತಾನೆ" ಎಂದು ಮಗಳಿಗೆ ತಾಕೀತು ಮಾಡಿದ್ದರು. ಮಗಳು ಹೇಳಲಿಲ್ಲ. ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ನನಗ್ಯಾಕೆ ಹೇಳಲಿಲ್ಲ?" ಎಂದ. "ಅಮ್ಮ ಬೇಡ ಅಂದ್ಲು" ಎಂದಳು. ಅಷ್ಟೇ ಮಾತು. ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಈ ಮನೆಯ ಕಡೆ ತಲೆ ಹಾಕಿರಲಿಲ್ಲ. ಕನ್ನಡಕದವನಿಗೆ ಸ್ವಂತ ತಮ್ಮನಿಲ್ಲ. ಈ ಭಾವಮೈದುನನೇ ಅವನಿಗೆ ತಮ್ಮ, ಗೆಳೆಯ, ಹರಟೆಗೆ ಜೊತೆ ಎಲ್ಲ. ಅವನಿಲ್ಲದೆ ಮನೆ ಬಿಕೋ ಅನ್ನುತ್ತಿತ್ತು. ಅವನು ಮತ್ತೆ ಈ ಮನೆಯಲ್ಲಿ ಉಂಡರೆ ಸಾಕು ಎಂಬುದು ಇವನ ಒಂದೇ ಆಸೆ.

"ಒಂದು ಫೋನ್ ಮಾಡೇ ಅವನಿಗೆ. ನೀನು ದೊಡ್ಡವಳು" ಎಂದು ಇವನು ಆಗಾಗ ಹೇಳುತ್ತಿದ್ದ.

"ಈಗ ಬೇಡ ರೀ. ಈ ಆಟ ಒಂದು ಮುಗೀಲಿ, ಆಮೇಲೆ ನೋಡೋಣ" ಎನ್ನುವಳು ಅವಳು, ಪರದೆಯಿಂದ ಕಣ್ಣು ಕೀಳದೆ.

ಪುಣ್ಯಾತ್ಮ ಅದನ್ನು ಅಕ್ಷರಶಃ ನಂಬಿದ. ಆಟ ಮುಗಿದರೆ ಫೋನು, ಫೋನಾದರೆ ರಾಜಿ. ಹಾಗಾದರೆ ಈ ಹಾಳು ಆಟ ಮುಗಿಯುವುದು ಯಾವಾಗ?

ಅಂಗಡಿಗೆ ಗಾಜು ತಂದುಕೊಡುವವನೊಬ್ಬನಿದ್ದ, ಇಂಥ ಆಟಗಳ ಹುಚ್ಚಿನವನು. ಒಂದು ದಿನ ಇವನು ಅವನನ್ನೇ ಹಿಡಿದು ಕೇಳಿದ.

"ಅದು ಹೇಳೋಕಾಗಲ್ಲ ಸಾರ್" ಎಂದ ಗಾಜಿನವನು. "ಕೆಲವು ಒಂದು ಮಧ್ಯಾಹ್ನಕ್ಕೇ ಮುಗೀತವೆ. ಕೆಲವಕ್ಕೆ ವಾರಗಟ್ಟಲೆ ಬೇಕು. ನಂದೊಂದು ಹೋದ ವರ್ಷ ಶುರು ಮಾಡಿದ್ದು, ಇನ್ನೂ ನಡೀತಾ ಇದೆ."

"ಅಷ್ಟು ದೊಡ್ಡ ಆಟವೇನಪ್ಪಾ ಅದು?"

"ಮೂರೂ ಒಂದೇ ಆಟ ಸಾರ್."

ಕನ್ನಡಕದವನಿಗೆ ತಲೆ ಗಿರ್ರೆಂದಿತು. ಒಂದೇ ಆಟ ಮಧ್ಯಾಹ್ನಕ್ಕೂ ಮುಗಿಯುತ್ತದೆ, ವರ್ಷಕ್ಕೂ ಮುಗಿಯುವುದಿಲ್ಲ! ಒಂದೇ ನಂಬರಿನ ಗಾಜು ಒಬ್ಬರಿಗೆ ದೂರ, ಇನ್ನೊಬ್ಬರಿಗೆ ಹತ್ತಿರ ತೋರಿಸುತ್ತದೆ ಎಂದ ಹಾಗಾಯಿತು.

"ಇಬ್ಬರೂ ಯುದ್ಧಕ್ಕೆ ಹೋಗದಿದ್ರೆ ಎಷ್ಟು ದಿನ ಬೇಕಾದ್ರೂ ಎಳೀಬಹುದು" ಎಂದು ಗಾಜಿನವನು ಬಿಡಿಸಿ ಹೇಳಿದ. "ಒಬ್ಬರು ಇನ್ನೊಬ್ಬರ ರಾಜಧಾನಿ ಹಿಡಿದ್ರೆ ಅಲ್ಲಿಗೆ ಮುಗೀತು."

"ಮತ್ತೆ ನಮ್ಮನೆಯವಳು ಯಾಕೆ ಹಿಡಿಯಲ್ಲ?"

"ಕೆಲವರಿಗೆ ಧೈರ್ಯ ಸಾಲಲ್ಲ ಸಾರ್."

ಇದಂತೂ ಇವನ ಗಂಟಲಲ್ಲಿ ಇಳಿಯಲಿಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರಿಗೇ ನಾಲ್ಕು ಜನರೆದುರು ನೀರಿಳಿಸಿ ಬಂದಿದ್ದ ಹೆಂಗಸಿಗೆ ಗೊಂಬೆ ಕುದುರೆ ಓಡಿಸಲು ಧೈರ್ಯವಿಲ್ಲವೆ? ಎಷ್ಟು ಯೋಚಿಸಿದರೂ ತಲೆಬುಡ ಹತ್ತಲಿಲ್ಲ.

ಆ ಭಾನುವಾರ ಲ್ಯಾಬಿನಲ್ಲಿ ಯಾರೋ ರಜೆ ಹಾಕಿದ್ದರಿಂದ ಹೆಂಡತಿ ಡ್ಯೂಟಿಗೆ ಹೋಗಬೇಕಾಯಿತು. ಮಧ್ಯಾಹ್ನ ಫೋನು ಮಾಡಿದಳು.

"ರೀ, ನನ್ನ ಸರದಿ ಆಡೋದು ಮರೆತೇ ಬಂದೆ. ಇನ್ನು ತಡ ಮಾಡಿದ್ರೆ ತಪ್ಪಿಹೋಗುತ್ತೆ. ಬಲಗಡೆ ಕೆಳಗೆ 'ಸರದಿ ಮುಗಿಸು' ಅಂತ ಇದೆ ನೋಡಿ, ಅದನ್ನ ಒತ್ತಿಬಿಡಿ, ಸಾಕು."

"ಅಷ್ಟೇನಾ?"

"ಅಷ್ಟೇ. ನಿಮ್ಮ ದಮ್ಮಯ್ಯ, ಬೇರೆ ಯಾವುದಕ್ಕೂ ಕೈ ಹಾಕಬೇಡಿ."

ಇವನು ಕೂತ. ಕೂತವನು ಒತ್ತಿ ಎದ್ದಿದ್ದರೆ ಆಗುತ್ತಿತ್ತು. ಆದರೆ ಗಾಜಿನ ಮೇಲಿನ ಕೂದಲೆಳೆಯ ಗೀರನ್ನೂ ಬಿಡದೆ ಹುಡುಕುವ ಕಣ್ಣು ಅವನದು, ಸುಮ್ಮನಿರಲಿಲ್ಲ. ಹಸಿರು ರಾಜಧಾನಿ ನದಿಯಾಚೆಗೇ ಇತ್ತು. ಅದರ ಮೂರು ಕಡೆ ಗೋಡೆ, ಬುರುಜು, ಕಾವಲು ಎಲ್ಲ ಇದ್ದವು. ನದಿಯ ಕಡೆಗೆ ಮಾತ್ರ ಒಬ್ಬ ನರಪಿಳ್ಳೆಯೂ ಇಲ್ಲ. ಎದುರಿಗೇ ಹೆಂಡತಿಯ ಕುದುರೆಗಳು ತಣ್ಣಗೆ ನಿಂತಿವೆ. ಅಲ್ಲ, ಬಾಗಿಲು ತೆರೆದಿಟ್ಟ ಮನೆಯ ಮುಂದೆ ಇಷ್ಟು ವರ್ಷ ನಿಂತೇ ಇದ್ದಾಳಲ್ಲ ಇವಳು! ನೋಡಿಲ್ಲವೆ? ನೋಡಿಯೂ ಬಿಟ್ಟಳೆ? ಎದುರಾಳಿಯಾದರೂ ಎಂಥ ದಡ್ಡ? ಯಾವುದೂ ಅರ್ಥವಾಗಲಿಲ್ಲ. ಅರ್ಥವಾದದ್ದು ಒಂದೇ, ಇದು ಮುಗಿಯುವ ಆಟ. ಇವತ್ತೇ, ಈಗಲೇ.

ಕುದುರೆಗಳ ಮೇಲೆ ಒತ್ತಿದ, ರಾಜಧಾನಿಯ ಮೇಲೆ ಒತ್ತಿದ. ದಾಳಿ ಮಾಡುವುದು ನಿಜವೇ ಎಂದು ಯಂತ್ರ ಕೇಳಿತು. ನಿಜ ಎಂದ. ಕಹಳೆ ಊದಿತು, ಹಸಿರು ಬಾವುಟ ಇಳಿಯಿತು, 'ನೀವು ಗೆದ್ದಿದ್ದೀರಿ, ಆಟ ಮುಗಿಯಿತು' ಎಂದು ದೊಡ್ಡಕ್ಷರಗಳು ಮೂಡಿದವು. ಕನ್ನಡಕದವನಿಗೆ ಖುಷಿ ತಡೆಯಲಾಗಲಿಲ್ಲ. ಎದ್ದು ಹೋಗಿ ಟೀ ಮಾಡಿಕೊಂಡು ಕುಡಿದ.

ಹೆಂಡತಿ ಇನ್ನೂ ಬಿಸಿಲಿರುವಾಗಲೇ ಬಂದಳು. ಬಾಗಿಲಲ್ಲೇ ಇವನು ಸುದ್ದಿ ಹೇಳಿದ. ಅವಳು ಬ್ಯಾಗು ಹೆಗಲಿನಿಂದ ಇಳಿಸದೆ ಹೋಗಿ ಪರದೆ ನೋಡಿದಳು, ಕುರ್ಚಿಯಲ್ಲಿ ಕುಸಿದಳು.

"ಯಾರನ್ನ ಸೋಲಿಸಿದ್ದೀರಿ ಗೊತ್ತಾ?"

"ಕಂಪ್ಯೂಟರನ್ನ."

"ನನ್ನ ತಮ್ಮನ್ನ ರೀ."

ಇವನು ಬೆಪ್ಪಾಗಿ ನಿಂತ. "ನಿಮ್ಮಿಬ್ಬರಿಗೆ ಮಾತೇ ಇಲ್ಲವಲ್ಲೇ?"

"ಮಾತಿಲ್ಲ. ಇದೊಂದಿತ್ತು. ಅಮ್ಮ ಇದ್ದಾಗ ಶುರು ಮಾಡಿದ್ದು. ಜಗಳ ಆದ್ಮೇಲೆ ನಿಲ್ಲಿಸ್ತಾನೆ ಅಂದ್ಕೊಂಡಿದ್ದೆ. ಮಾರನೇ ದಿನ ನೋಡಿದ್ರೆ ಅವನ ದೋಣಿ ಒಂದು ಸ್ವಲ್ಪ ಸರಿದಿತ್ತು. ನಾನೂ ನಂದನ್ನ ಸರಿಸಿದೆ. ಅಲ್ಲಿಂದ ಹೀಗೇ ನಡ್ಕೊಂಡು ಬಂದಿದೆ. ಅವನು ಆಡಿದ್ದಾನೆ ಅಂದ್ರೆ ಎದ್ದಿದ್ದಾನೆ, ಉಂಡಿದ್ದಾನೆ, ಚೆನ್ನಾಗಿದ್ದಾನೆ ಅಂತ. ತಡ ಆದ್ರೆ ಜ್ವರವೋ ಏನೋ ಅಂತ ನನಗೆ ಅನ್ನ ಸೇರ್ತಿರಲಿಲ್ಲ."

"ಮತ್ತೆ ಮುಗೀಲಿ, ಮುಗೀಲಿ ಅಂತ ನೀನೇ ಹೇಳ್ತಿದ್ದೆ."

"ಅದು ಮುಗಿಯೋದೇ ಇಲ್ಲ ಅನ್ನೋ ಧೈರ್ಯದ ಮೇಲೆ ಹಾಗೆ ಹೇಳ್ತಿದ್ದೆ" ಎಂದಳು ಅವಳು. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. "ಹಳೇದು ನಡೀತಿತ್ತು, ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಹೊಸ ಆಟಕ್ಕೆ ಒಬ್ಬರು ಇನ್ನೊಬ್ಬರನ್ನ ಕರೀಬೇಕು. ಅವನು ಕರೀತಾನಾ? ನಾನು ಕರೆದ್ರೆ ಬರ್ತಾನಾ? ನನ್ನ ಬಾಯಿಗೆ ಮಣ್ಣು ಹಾಕಿಬಿಟ್ಟಿರಲ್ಲ."

ಕನ್ನಡಕದವನಿಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಒಳ್ಳೆಯದಾಗಲಿ ಎಂದೇ ಒತ್ತಿದ್ದ. ಒತ್ತಿದ್ದು ಇದ್ದೊಂದು ಎಳೆಯನ್ನೂ ಕತ್ತರಿಸಿತ್ತು. ಅವಳನ್ನು ಸಮಾಧಾನ ಮಾಡಬೇಕೋ, ಕ್ಷಮೆ ಕೇಳಬೇಕೋ, ಅಥವಾ ಆಟದ ಕಂಪನಿಯವರಿಗೆ ಫೋನು ಮಾಡಿ ಕುದುರೆಗಳನ್ನು ಹಿಂದಕ್ಕೆ ಕೊಡಿ ಎನ್ನಬೇಕೋ ತಿಳಿಯದೆ ಟವಲು ಹಿಡಿದು ನಿಂತ. ಆಗ ಅವನ ಫೋನು ಹೊಡೆದುಕೊಂಡಿತು. ಅಂಗಡಿಯಲ್ಲಿ ಕೈ ಬಿಡುವಿಲ್ಲದವನ ಅಭ್ಯಾಸದಂತೆ ಸ್ಪೀಕರಿಗೆ ಹಾಕಿದ.

"ಭಾವ, ಅಕ್ಕ ಎಲ್ಲಿ?"

ಹೆಂಡತಿ ತಲೆಯೆತ್ತಿದಳು.

"ಮುಚ್ಚಿಡಬೇಡಿ ಭಾವ" ಎಂದ ಭಾವಮೈದುನ. ಓಡಿ ಬಂದವನ ಏದುಸಿರು. "ಅವಳಿಗೇನೋ ಆಗಿದೆ. ಇವತ್ತು ಆಡಿದ್ದು ಅವಳಲ್ಲ. ನದಿ ಕಡೆ ನಾನು ಕಾವಲೇ ಇಟ್ಟಿರಲಿಲ್ಲ, ಅಲ್ಲಿಂದ ಅವಳು ಬರಲ್ಲ ಅಂತ ನನಗೆ ಗೊತ್ತು. ಯಾವ ಆಸ್ಪತ್ರೆ ಹೇಳಿ. ನಾನು ಆಗಲೇ ಹೊರಟು ಬಸ್‌ ಸ್ಟ್ಯಾಂಡಿಗೆ ಬಂದಿದ್ದೀನಿ. ಈ ಸಲನಾದ್ರೂ ಹೊತ್ತಿಗೆ ಸರಿಯಾಗಿ ಹೇಳಿ ಭಾವ."

ಕನ್ನಡಕದವನು ಇಕ್ಕಟ್ಟಿಗೆ ಸಿಕ್ಕಿದ. ಏನೂ ಆಗಿಲ್ಲ ಎಂದರೆ ಅವನು ಅಲ್ಲಿಂದಲೇ ತಿರುಗಿ ಹೋದಾನು. ಏನೋ ಆಗಿದೆ ಎಂದರೆ ದಾರಿಯುದ್ದಕ್ಕೂ ಒದ್ದಾಡಿಕೊಂಡು ಬಂದಾನು. ಯಾವುದು ಹೇಳಿದರೆ ಸರಿ? ಹೆಂಡತಿಯ ಮುಖ ನೋಡಿದ. ಅವಳು ಫೋನು ಕಿತ್ತುಕೊಂಡಳು.

"ನನಗೇನೂ ಆಗಿಲ್ಲ ಕಣೋ. ಆಡಿದ್ದು ನಿನ್ನ ಭಾವ."

ಆ ಕಡೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು.

"ಓ" ಎಂದಿತು ದನಿ, ತುಂಬ ಸಣ್ಣಗೆ. "ಹಾಗಾದ್ರೆ ಸರಿ. ಹಾಗಾದ್ರೆ ನಾನು..."

"ಅವತ್ತು ನಿನಗೆ ಹೇಳಬೇಕಿತ್ತು" ಎಂದಳು ಅವಳು. "ಅಮ್ಮ ಬೇಡ ಅಂದ್ರೂ ಹೇಳಬೇಕಿತ್ತು. ನನ್ನದೇ ತಪ್ಪು."

ಅವನು ಮೂಗೆಳೆದುಕೊಂಡದ್ದು ಕನ್ನಡಕದವನಿಗೂ ಕೇಳಿಸಿತು.

"ಬಸ್ಸು ಬಂತೇನೋ?" ಎಂದು ಅಕ್ಕ ಕೇಳಿದಳು.

"ಬಂದು ನಿಂತಿದೆ."

"ಹತ್ತಿಕೋ."